ಜ್ವರಕ್ಕೆ ವಾಯಿದೆ ಇಲ್ಲ: ‘ಕರಿ ನಾಗರಗಳು’ ಕಥೆಯ ಒಂದು ಓದು

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಮುಸ್ಲಿಂ ಹೆಣ್ಣಿನ ಶೋಷಣೆಯ ಕಥೆಯೆಂದು ಓದುವುದು ನಮಗೆ ರೂಢಿಯಾಗಿದೆ. ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಈ ಕಥೆಯೂ ಇದೆ. 2025ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಆ ಓದು ಇನ್ನಷ್ಟು ಗಟ್ಟಿಯಾಯಿತು. ಅದು ತಪ್ಪೇನೂ ಅಲ್ಲ, ಆದರೆ ಸಾಲದು. ನನಗೆ ಇದು ಮೊದಲಿಗೆ ಜೀವನಾಂಶದ ಕಥೆ. ಕಕ್ಷಿದಾರರನ್ನು ಹತ್ತಿರದಿಂದ ಕಂಡಿರುವ ವಕೀಲೆಯೊಬ್ಬರು ಬರೆದದ್ದು ಎಂಬುದು ಇದರ ಸಾಲುಸಾಲಿನಲ್ಲೂ ಗೊತ್ತಾಗುತ್ತದೆ.

ಕಥೆ ಸರಳ. ಆಶ್ರಫಳಿಗೆ ಮೂವರೂ ಹೆಣ್ಣುಮಕ್ಕಳು. ಆ ಕಾರಣಕ್ಕೇ ಗಂಡ ಯಾಕೂಬ್ ಅವಳನ್ನು ಬಿಟ್ಟಿದ್ದಾನೆ. ಕೈಯಲ್ಲಿ ಕಾಯಿಲೆಯ ಕೂಸು. ಅವಳು ನ್ಯಾಯ ಕೇಳಿಕೊಂಡು ಮುತವಲ್ಲಿಯ ಬಳಿ ಹೋಗುತ್ತಾಳೆ. ಅವನು ನೋಡೋಣ ಅನ್ನುತ್ತಾನೆ, ತಡಮಾಡುತ್ತಾನೆ. ಅವಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಆವರಣದಲ್ಲಿ ಕೂತುಬಿಡುತ್ತಾಳೆ. ಕೊನೆಗೆ ಗಂಡ ಬರುತ್ತಾನೆ, ಒದೆಯುತ್ತಾನೆ, ಕೂಸು ಸಾಯುತ್ತದೆ.

ಇಲ್ಲಿ ನಾನು ಗಮನಿಸುವುದು ಒದೆತಕ್ಕಿಂತ ಅದಕ್ಕೆ ಮುಂಚಿನ ಕಾಯುವಿಕೆಯನ್ನು. ಮುತವಲ್ಲಿ ಅವಳ ಅರ್ಜಿಯನ್ನು ತಳ್ಳಿಹಾಕುವುದಿಲ್ಲ. ತಳ್ಳಿಹಾಕಿದ್ದರೆ ಅವಳು ಬೇರೆ ಬಾಗಿಲು ತಟ್ಟಬಹುದಿತ್ತು. ಅವನು ಮುಂದಕ್ಕೆ ಹಾಕುತ್ತಾನೆ. ನಮ್ಮ ಕೋರ್ಟುಗಳ ಭಾಷೆಯಲ್ಲಿ ಹೇಳುವುದಾದರೆ ವಾಯಿದೆ ಕೊಡುತ್ತಾನೆ. ಹಸಿವಿಗೂ ಜ್ವರಕ್ಕೂ ವಾಯಿದೆ ಇಲ್ಲ. ಜೀವನಾಂಶದ ಪ್ರಕರಣಗಳಲ್ಲಿ ಎದುರುಪಕ್ಷದವನು ವಾದದಲ್ಲಿ ಗೆಲ್ಲಬೇಕಿಲ್ಲ, ತಡವಾಗುವಂತೆ ನೋಡಿಕೊಂಡರೆ ಸಾಕು. ಈ ಒಂದು ಸತ್ಯವನ್ನು ಭಾಷಣ ಮಾಡದೆ, ಬರೀ ಒಬ್ಬ ಹೆಂಗಸನ್ನು ಕೂರಿಸಿ ಕಾಯಿಸುವ ಮೂಲಕ ಕಥೆ ತೋರಿಸುತ್ತದೆ.

ಆಶ್ರಫಳ ಎದುರಿಗಿದ್ದದ್ದು ಮಸೀದಿ, ಆದ್ದರಿಂದ ಹೀಗಾಯಿತು, ಕೋರ್ಟಾಗಿದ್ದರೆ ಬೇರೆಯಾಗುತ್ತಿತ್ತು ಎಂದು ಯಾರಾದರೂ ಹೇಳಬಹುದು. ಹಾಗೆ ಹೇಳುವವರಿಗೆ ಶಾಬಾನೊ ಪ್ರಕರಣದ ತಾರೀಖುಗಳನ್ನು ನೆನಪಿಸಬೇಕು. ಇಂದೋರಿನ ಆ ವೃದ್ಧೆ ಅರ್ಜಿ ಹಾಕಿದ್ದು 1978ರ ಏಪ್ರಿಲ್‌ನಲ್ಲಿ. ಗಂಡ ಸ್ವತಃ ವಕೀಲ. ಮ್ಯಾಜಿಸ್ಟ್ರೇಟ್ ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ 1985ರ ಏಪ್ರಿಲ್. ಏಳು ವರ್ಷ. ಮರುವರ್ಷ ಸಂಸತ್ತು ಹೊಸ ಕಾಯ್ದೆ ತಂದು ಆ ತೀರ್ಪಿನ ಬಲ ಕುಗ್ಗಿಸಿತು. 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದಲ್ಲಿ ನ್ಯಾಯಾಲಯ ಅದೇ ಕಾಯ್ದೆಯನ್ನು ಹೆಂಗಸಿನ ಪರವಾಗಿ ಅರ್ಥೈಸಿತು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂದು 2024ರ ಜುಲೈನಲ್ಲಿ ಮತ್ತೊಮ್ಮೆ ಹೇಳಬೇಕಾಗಿ ಬಂತು. ಮಕ್ಕಳ ವಿಷಯವಂತೂ 1997ರಲ್ಲೇ ಇತ್ಯರ್ಥವಾಗಿತ್ತು: ತಾಯಿಯ ತಲಾಖಿಗೂ ಮಕ್ಕಳ ಅನ್ನಕ್ಕೂ ಗಂಟುಹಾಕುವಂತಿಲ್ಲ.

ಇದು ಒಂದೇ ಸಮುದಾಯದ ಪಾಡೂ ಅಲ್ಲ. 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ನ್ಯಾಯಾಲಯಗಳಿಗೂ ಒಂದು ಮಾತು ಹೇಳಿತು: ಜೀವನಾಂಶವನ್ನು ಆದೇಶದ ದಿನದಿಂದ ಲೆಕ್ಕ ಹಾಕಬೇಡಿ, ಅರ್ಜಿ ಹಾಕಿದ ದಿನದಿಂದ ಹಾಕಿ. ನೋಡುವುದಕ್ಕೆ ಇದು ಲೆಕ್ಕಾಚಾರದ ಸಣ್ಣ ಸೂಚನೆ. ಅರ್ಜಿಗೂ ಆದೇಶಕ್ಕೂ ನಡುವೆ ಹೆಂಗಸರು, ಮಕ್ಕಳು ಏನು ತಿಂದರು ಎಂಬ ಪ್ರಶ್ನೆ ಅದರ ಬೆನ್ನಿಗಿದೆ. ‘ಕರಿ ನಾಗರಗಳು’ ನಡೆಯುವುದು ಪೂರ್ತಿಯಾಗಿ ಆ ನಡುವಿನಲ್ಲೇ.

ಮಕ್ಕಳ ಸುಪರ್ದಿಯ ವಿಷಯದಲ್ಲೂ ಕಥೆ ನಮ್ಮ ನಿರೀಕ್ಷೆಯನ್ನು ತಲೆಕೆಳಗು ಮಾಡುತ್ತದೆ. 1979ರ ಹಾಲಿವುಡ್ ಚಿತ್ರ ‘ಕ್ರೇಮರ್ ವರ್ಸಸ್ ಕ್ರೇಮರ್’ ನೋಡಿದವರಿಗೆ ಸುಪರ್ದಿ ಎಂದರೆ ಎಳೆದಾಟ: ಅಪ್ಪನಿಗೂ ಮಗು ಬೇಕು, ಅಮ್ಮನಿಗೂ ಬೇಕು. ಇಲ್ಲಿ ಎಳೆದಾಟವೇ ಇಲ್ಲ. ಹೆಣ್ಣುಮಕ್ಕಳು ಅಪ್ಪನಿಗೆ ಬೇಡ. ಸುಪರ್ದಿ ತಾಯಿಗೆ ತಾನಾಗಿ ಸಿಗುತ್ತದೆ, ಜೊತೆಗೆ ಪೂರ್ತಿ ಖರ್ಚೂ. ಮಡಿಲು ಅವಳದು, ಅಧಿಕಾರ ಮಾತ್ರ ಅವನದು. ಈ ಅಸಮತೋಲವನ್ನು ಲೇಖಕಿಯೇ ಕೋರ್ಟಿಗೆ ಒಯ್ದ ಉದಾಹರಣೆಯೊಂದಿದೆ. ಕಾದಂಬರಿಗಾರ್ತಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿತ್ತು. ತಂದೆ ಬದುಕಿರುವಾಗಲೂ ತಾಯಿ ಸಹಜ ಪಾಲಕಿಯಾಗಬಹುದು ಎಂದು 1999ರಲ್ಲಿ ತೀರ್ಪಾಯಿತು. ಸುಶಿಕ್ಷಿತ ಲೇಖಕಿಗೇ ಅಷ್ಟು ದೂರ ಹೋಗಬೇಕಾಯಿತು. ಆಶ್ರಫಳಿಗೆ ಮಸೀದಿಯ ಅಂಗಳ ದಾಟುವುದಕ್ಕೂ ಆಗಲಿಲ್ಲ.

ಕಥೆಯಲ್ಲಿ ನನಗೆ ತೊಡಕಾಗಿ ಕಾಣುವ ಜಾಗವೂ ಇದೆ. ಓದಿದ ಹೆಂಗಸು ಜುಲೇಖಾ ಬೇಗಂ, ಇಸ್ಲಾಂ ಹೆಣ್ಣಿಗೆ ಕೊಟ್ಟಿರುವ ಹಕ್ಕುಗಳನ್ನು ಆಶ್ರಫಳಿಗೆ ವಿವರಿಸುವ ಕಡೆ ಕಥೆ ಸ್ವಲ್ಪ ಹೊತ್ತು ತರಗತಿಯಾಗುತ್ತದೆ. ಪಾತ್ರದ ಬಾಯಿಂದ ಲೇಖಕಿಯ ದನಿ ಕೇಳುತ್ತದೆ. ಆದರೂ ಆ ಭಾಗವನ್ನು ಕಿತ್ತುಹಾಕಿದರೆ ಕಥೆ ಬಡವಾಗುತ್ತದೆ ಎಂದೇ ನನ್ನ ಎಣಿಕೆ. ಹಕ್ಕು ಗೊತ್ತಿಲ್ಲದೆ ಸೋಲುವುದು ಒಂದು ಬಗೆ, ಗೊತ್ತಾದ ಮೇಲೂ ಸೋಲುವುದು ಇನ್ನೊಂದು. ಆಶ್ರಫಳ ಸೋಲು ಎರಡನೆಯದು. ತಿಳಿವಳಿಕೆ ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ನಮ್ಮ ಸುಲಭದ ನಂಬಿಕೆಗೆ ಆ ದುರಂತ ಪೆಟ್ಟು ಕೊಡುತ್ತದೆ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಇಲ್ಲಿ ನೆನಪಾಗುತ್ತಾಳೆ. ಗಂಡಹೆಂಡಿರಿಬ್ಬರಿಗೂ ಬೇಡವಾಗಿದ್ದ ವಿಚ್ಛೇದನ ಅಲ್ಲಿ ತಂದೆಯ ಹಟದಿಂದ ನಡೆಯುತ್ತದೆ. ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಬರಬೇಕೆಂಬ ಷರತ್ತಿಗೆ ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಕೊಟ್ಟು ಉತ್ತರಿಸುತ್ತಾಳೆ. ಆಶ್ರಫ್ ಕೂರುವುದೂ ಮಸೀದಿಯಲ್ಲೇ. ನಾದಿರಾ ತನ್ನನ್ನೇ ಕಳೆದುಕೊಂಡಳು, ಆಶ್ರಫ್ ಮಗುವನ್ನು. ಎರಡೂ ಕಡೆ ತೀರ್ಮಾನ ಗಂಡಸರ ಕೈಯಲ್ಲಿ, ದಂಡ ತೆರುವವರು ಬೇರೆ.

ಬಾನು ಮುಷ್ತಾಕ್ ಮಾತ್ರ ಸಾವಿಗೆ ಕಥೆಯನ್ನು ನಿಲ್ಲಿಸುವುದಿಲ್ಲ. ಊರಿನ ಹೆಂಗಸರು ಮುತವಲ್ಲಿಗೆ ಹಾವಿನ ಹೆಸರು ಹಿಡಿದು ಶಾಪ ಹಾಕುತ್ತಾರೆ. ಶಾಪ ಅತಿ ನಾಟಕೀಯ ಎನ್ನುವವರಿದ್ದಾರೆ. ಅರ್ಜಿ ಕೇಳುವ ಕಿವಿ ಇಲ್ಲದ ಕಡೆ ಹೆಂಗಸರಿಗೆ ಉಳಿದಿರುವ ತೀರ್ಪೇ ಶಾಪ ಎಂದು ನಾನು ಓದುತ್ತೇನೆ. ಅದಕ್ಕೆ ವಕೀಲರು ಬೇಡ, ಮೇಲ್ಮನವಿಯೂ ಇಲ್ಲ. ಅದಕ್ಕಿಂತ ದೊಡ್ಡದು ಮುತವಲ್ಲಿಯ ಹೆಂಡತಿ ಅಮೀನಾಳ ನಡೆ. ಮಕ್ಕಳು ಸಾಕು, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಗಂಡನನ್ನು ಕೇಳಿ ಬೇಡವೆನ್ನಿಸಿಕೊಂಡವಳು, ಈಗ ಕೇಳದೆಯೇ ಹೊರಡುತ್ತಾಳೆ.

ಗಿರೀಶ್ ಕಾಸರವಳ್ಳಿ ಈ ಕಥೆಯನ್ನು ಆಧರಿಸಿ 2004ರಲ್ಲಿ ‘ಹಸೀನಾ’ ಮಾಡಿದರು, ತಾರಾ ಅವರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರ ನೋಡಿದವರು ಕಥೆಗೂ ಬರಬೇಕು. ಕಾನೂನು ಓದುವ ವಿದ್ಯಾರ್ಥಿಗಳಂತೂ 125ನೇ ಕಲಮಿನ ಪಕ್ಕದಲ್ಲೇ ಇಟ್ಟುಕೊಂಡು ಓದಬೇಕು. ಆ ಕಲಮಿಗೆ ಈಗ ಹೊಸ ಸಂಹಿತೆಯಲ್ಲಿ 144 ಎಂಬ ಸಂಖ್ಯೆ ಬಂದಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಮುಗಿಸಬೇಕು ಎಂಬ ಮಾತು ಅಲ್ಲೂ ಇದೆ. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಆ ಎರಡು ಪದಗಳೊಳಗೆ ಎಷ್ಟು ಜನ ಆಶ್ರಫರು ಕೂತಿದ್ದಾರೆ ಎಂಬುದು ಕಾನೂನಿನ ಪುಸ್ತಕದಲ್ಲಿ ಸಿಗುವುದಿಲ್ಲ.