ಶಸ್ತ್ರಧಾರಿಯ ಕೈಯಿಂದ ಬಂದ ಆಡಳಿತ

ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ ವೆಚ್ಚವಾದ ಹಣದ ತಪಾಸಣೆಗೆಂದು ಅಮೆರಿಕದ ಶಾಸನಸಭೆಯು 2008ರಲ್ಲಿ ಒಂದು ವಿಶೇಷ ಕಾರ್ಯಾಲಯವನ್ನು ಸ್ಥಾಪಿಸಿತು. ಸಿಗಾರ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಈ ಕಾರ್ಯಾಲಯವು ಇಪ್ಪತ್ತು ವರ್ಷಗಳ ಅನುಭವದಿಂದ ಕಲಿಯಬೇಕಾದ ಪಾಠಗಳನ್ನು ಕುರಿತ ವರದಿಯನ್ನು 2021ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಅದೇ ತಿಂಗಳ 15ರಂದು ಕಾಬೂಲು ತಾಲಿಬಾನರ ವಶವಾಯಿತು. ರಾಜ್ಯವೊಂದು ತನ್ನ ವೈಫಲ್ಯದ ಲೆಕ್ಕವನ್ನು ತಾನೇ ಬರೆದು ಲೋಕದ ಮುಂದಿಡುವುದು ವಿರಳ. ಆ ಮಟ್ಟಿಗೆ ಈ ವರದಿಯು ಗೌರವಾರ್ಹವಾದುದು. ಆದರೆ ಅದು ಕೇಳದೆ ಬಿಟ್ಟ ಒಂದು ಪ್ರಶ್ನೆಯಿದೆ.

ವರದಿಯಲ್ಲಿರುವ ಅಂಕಿಗಳು ಹೀಗಿವೆ. ಪುನರ್ನಿರ್ಮಾಣಕ್ಕೆ 14,500 ಕೋಟಿ ಡಾಲರ್. ಯುದ್ಧಕ್ಕೆ 83,700 ಕೋಟಿ ಡಾಲರ್. ಮಡಿದ ಅಮೆರಿಕದ ಸೈನಿಕರು 2,443. ಮಿತ್ರದೇಶಗಳ ಸೈನಿಕರು 1,144. ಅಫ್ಘನ್ ಸೈನಿಕರು ಕನಿಷ್ಠ 66,000. ಅಫ್ಘನ್ ನಾಗರಿಕರು 48,000ಕ್ಕೂ ಮಿಕ್ಕು. ನಾಗರಿಕರ ಸಂಖ್ಯೆ ವಾಸ್ತವದಲ್ಲಿ ಇದಕ್ಕಿಂತ ಬಹಳ ಹೆಚ್ಚಿರಬಹುದೆಂದು ವರದಿಯೇ ಹೇಳುತ್ತದೆ. ಡಾಲರುಗಳನ್ನು ಎಣಿಸಲು ಒಂದು ಕಾರ್ಯಾಲಯವಿತ್ತು. ಸತ್ತ ರೈತನನ್ನು ಎಣಿಸಲು ಅಂಥದೊಂದು ಇರಲಿಲ್ಲ.

ಏಳು ಪಾಠಗಳಲ್ಲಿ ಮೊದಲನೆಯದು ನಾಗರಿಕ ಮತ್ತು ಸೈನಿಕ ಅಧಿಕಾರಗಳ ಹಂಚಿಕೆಗೆ ಸಂಬಂಧಿಸಿದೆ. ಪುನರ್ನಿರ್ಮಾಣದ ನೇತೃತ್ವ ವಿದೇಶಾಂಗ ಇಲಾಖೆಯದೆಂದು ಕಾಗದದ ಮೇಲಿತ್ತು. ಆದರೆ ಆ ಇಲಾಖೆಗೆ ಬೇಕಾದ ಜನವೂ ಇರಲಿಲ್ಲ, ಸಾಧನವೂ ಇರಲಿಲ್ಲ. ರಕ್ಷಣಾ ಇಲಾಖೆಗೆ ಜನ, ಧನ, ವಾಹನ ಎಲ್ಲವೂ ಇದ್ದುವು. ನ್ಯಾಯಾಲಯ, ಕಂದಾಯ, ಶಾಲೆಗಳ ಆಡಳಿತವನ್ನು ಕಟ್ಟುವ ವಿದ್ಯೆ ಮಾತ್ರ ಇರಲಿಲ್ಲ. ಪರಿಣಾಮವಾಗಿ, ಅಧಿಕಾರವಿದ್ದವನು ಕೈಕಟ್ಟಿ ಕುಳಿತ; ಕೈಯಿದ್ದವನು ತನಗೆ ತಿಳಿಯದ ಕೆಲಸವನ್ನು ಮಾಡಿದ. ಪೊಲೀಸರಿಗೆ ತರಬೇತಿ ಕೊಡಲು ನಿಯುಕ್ತರಾದ ಕೆಲವರು ಪೊಲೀಸು ಕೆಲಸವನ್ನು ದೂರದರ್ಶನದ ಧಾರಾವಾಹಿಗಳಿಂದ ಕಲಿತರೆಂದು ವರದಿ ದಾಖಲಿಸುತ್ತದೆ. ಒಬ್ಬ ಅಧಿಕಾರಿ ಊರಿನ ಹೆಸರುಗಳನ್ನು ಕಲಿಯುವಷ್ಟರಲ್ಲಿ ಅವನ ಅವಧಿ ಮುಗಿಯುತ್ತಿತ್ತು, ಮುಂದಿನವನು ಮೊದಲಿನಿಂದ ಆರಂಭಿಸುತ್ತಿದ್ದ. ಹಣವನ್ನು ಬೇಗ ಮುಗಿಸಿದವನೇ ಸಮರ್ಥನೆನಿಸಿಕೊಂಡ. ದತ್ತಿಯ ಲೆಕ್ಕವನ್ನು ಬರೆದವರಿಗೆ ಈ ಅವಸರದ ಫಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವರದಿಯ ಈ ನಿರೂಪಣೆಯೆಲ್ಲ ಸತ್ಯವೇ. ಆದರೆ ರೋಗವನ್ನು ಅದು ಸಮನ್ವಯದ ಕೊರತೆಯೆಂದು, ನಾಗರಿಕ ಸಿಬ್ಬಂದಿಯ ಅಭಾವವೆಂದು ನಿರ್ಣಯಿಸುತ್ತದೆ. ಈ ನಿರ್ಣಯವನ್ನು ಒಪ್ಪುವುದು ಕಷ್ಟ. ಏಕೆಂದರೆ ಆ ಔಷಧವನ್ನು ಪ್ರಯೋಗಿಸಿ ನೋಡಿಯೂ ಆಗಿತ್ತು. 2009ರಿಂದ 2011ರವರೆಗೆ ಅಮೆರಿಕದ ನಾಗರಿಕ ಅಧಿಕಾರಿಗಳ ಸಂಖ್ಯೆ ಸುಮಾರು ಮುನ್ನೂರರಿಂದ ಸಾವಿರಕ್ಕೆ ಮೇಲೇರಿತು. ಜಿಲ್ಲೆಗಳಿಗೆ ಹೋದವರು ಸೇನೆಯ ಕೋಟೆಯೊಳಗೆ ಮಲಗಿದರು, ಸೇನೆಯ ಕವಚವಾಹನದಲ್ಲಿ ಸಂಚರಿಸಿದರು, ಬಂದೂಕುಗಳ ನಡುವೆ ನಿಂತು ಹಳ್ಳಿಯ ಹಿರಿಯರನ್ನು ಮಾತನಾಡಿಸಿದರು. ಸಮವಸ್ತ್ರವಿಲ್ಲದ ಮಾತ್ರಕ್ಕೆ ಅವರನ್ನು ಬೇರೆಯವರೆಂದು ಹಳ್ಳಿಗರು ಏಕೆ ತಿಳಿಯಬೇಕು?

ನಾಗರಿಕ ಆಡಳಿತದ ಲಕ್ಷಣವು ಉಡುಪಿನಲ್ಲಿಲ್ಲ. ತಹಸೀಲ್ದಾರನ ಮೇಲೆ ಅರ್ಜಿ ಹಾಕಬಹುದು. ಅವನು ಕೊಟ್ಟುದನ್ನು ಬೇಡವೆನ್ನಬಹುದು. ಅವನ ತೀರ್ಪಿನ ವಿರುದ್ಧ ಮೇಲಿನವರ ಬಳಿಗೆ ಹೋಗಬಹುದು. ಹಾಗೆ ಹೋದವನು ಮನೆಗೆ ಹಿಂದಿರುಗಿ ನಿದ್ರಿಸಬಲ್ಲನೆಂಬ ಭರವಸೆಯೇ ಆಡಳಿತವನ್ನು ದಂಡಿನಿಂದ ಬೇರ್ಪಡಿಸುವ ಗೆರೆ. ಶಸ್ತ್ರಧಾರಿಯು ಎಷ್ಟೇ ಸದ್ಭಾವದಿಂದ ಬಾವಿ ತೋಡಿಸಿದರೂ ಬೇಡವೆನ್ನುವ ಸ್ವಾತಂತ್ರ್ಯವು ಪಡೆಯುವವನಿಗಿಲ್ಲ.

ಈ ಗೆರೆಯನ್ನು ಅಳಿಸಿದವರಿಗೆ ಅದು ದೋಷವೆಂದೂ ತೋರಲಿಲ್ಲ. ಪಕ್ತಿಯಾ ಪ್ರಾಂತದ ಗಾರ್ದೇಜ್‌ನಲ್ಲಿ ಆರಂಭವಾದ ಪ್ರಾಂತೀಯ ಪುನರ್ನಿರ್ಮಾಣ ತಂಡಗಳು ಸೈನಿಕರ ನಡುವೆ ಬೆರಳೆಣಿಕೆಯ ನಾಗರಿಕರನ್ನಿಟ್ಟು ರಚಿತವಾದುವು. ದಳಪತಿಗಳು ಸ್ಥಳದಲ್ಲೇ ಹಂಚಲೆಂದು ಪ್ರತ್ಯೇಕ ನಿಧಿಯೊಂದನ್ನು ಕೊಡಲಾಯಿತು. 2009ರ ಸೈನಿಕ ಕೈಪಿಡಿಯೊಂದು ಹಣವನ್ನು ಆಯುಧವ್ಯವಸ್ಥೆಯೆಂದು ತನ್ನ ಶೀರ್ಷಿಕೆಯಲ್ಲೇ ಕರೆಯಿತು. ಆ ಪದಪ್ರಯೋಗದಲ್ಲಿ ಒಂದು ಪ್ರಾಮಾಣಿಕತೆಯಿದೆ. ಕೊಡುವ ಕೈ ಪ್ರತಿಫಲವನ್ನು ಬಯಸಿದರೆ ದಾನವು ವ್ಯಾಪಾರವಾಗುತ್ತದೆಂಬುದು ಹಳೆಯ ತಿಳಿವಳಿಕೆ. ಇಲ್ಲಿ ಅದು ವ್ಯಾಪಾರವನ್ನೂ ದಾಟಿ ಯುದ್ಧವಾಯಿತು.

ಬೆಲೆ ತೆತ್ತವರು ಬೇರೆ. 2004ರಲ್ಲಿ ದಕ್ಷಿಣ ಅಫ್ಘಾನಿಸ್ತಾನದಲ್ಲಿ ಸೇನೆಯು ಕರಪತ್ರಗಳನ್ನು ಹಂಚಿತು. ನೆರವು ಮುಂದುವರಿಯಬೇಕಾದರೆ ತಾಲಿಬಾನರ ಸುಳಿವು ಕೊಡಬೇಕೆಂಬುದು ಅವುಗಳ ತಾತ್ಪರ್ಯ. ಗಡಿಯಿಲ್ಲದ ವೈದ್ಯರು ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಇದನ್ನು ಬಹಿರಂಗವಾಗಿ ಪ್ರತಿಭಟಿಸಿತು. ಅದೇ ವರ್ಷ ಜೂನ್ 2ರಂದು ಬಾದ್‌ಗೀಸ್ ಪ್ರಾಂತದಲ್ಲಿ ಆ ಸಂಸ್ಥೆಯ ಐವರು ಹತರಾದರು. ಸುಮಾರು ಇಪ್ಪತ್ತನಾಲ್ಕು ವರ್ಷ, ಸೋವಿಯತ್ ಆಕ್ರಮಣದ ಕಾಲದಲ್ಲೂ ಅಂತರ್ಯುದ್ಧದ ಕಾಲದಲ್ಲೂ ಅಲ್ಲಿದ್ದ ಸಂಸ್ಥೆ ಜುಲೈಯಲ್ಲಿ ದೇಶವನ್ನು ಬಿಡುವುದಾಗಿ ಘೋಷಿಸಿತು. ಕೊಂದವರ ಪಾಪ ಕೊಂದವರದೇ. ಅದನ್ನು ಕರಪತ್ರದ ತಲೆಗೆ ಕಟ್ಟಲಾಗದು. ಆದರೂ ಬಿಳಿಯ ಕಾರಿನಲ್ಲಿ ಬರುವವನು ವೈದ್ಯನೋ ಗೂಢಚಾರನೋ ಎಂಬ ಸಂಶಯಕ್ಕೆ ಇಂಬು ಕೊಟ್ಟವರ ಹೊಣೆ ಇಲ್ಲವೆಂದೂ ಹೇಳಲಾಗದು.

2010ರ ಫೆಬ್ರವರಿಯಲ್ಲಿ ಹೆಲ್ಮಂದ್ ಪ್ರಾಂತದ ಮಾರ್ಜಾದಲ್ಲಿ ಇದೇ ಭ್ರಮೆ ಇನ್ನೊಂದು ರೂಪವನ್ನು ತಾಳಿತು. ಸಾವಿರಾರು ಸೈನಿಕರು ಪ್ರದೇಶವನ್ನು ಹಿಡಿಯುವರು, ಹಿಂದೆಯೇ ಪೆಟ್ಟಿಗೆಯಲ್ಲಿ ಸಿದ್ಧವಾಗಿರುವ ಸರಕಾರವನ್ನು ಇಳಿಸಲಾಗುವುದು ಎಂಬುದು ದಂಡನಾಯಕ ಮೆಕ್‌ಕ್ರಿಸ್ಟಲ್‌ರ ಯೋಜನೆ. ಪೆಟ್ಟಿಗೆಯಿಂದ ಹೊರಬಂದ ಜಿಲ್ಲಾಧಿಕಾರಿಯು ಹಲವು ವರ್ಷ ಜರ್ಮನಿಯಲ್ಲಿದ್ದವನು. ಕೆಲವೇ ತಿಂಗಳಲ್ಲಿ ಅವನನ್ನು ಬದಲಾಯಿಸಬೇಕಾಯಿತು. ಅವನನ್ನು ನೇಮಿಸುವಾಗ ಮಾರ್ಜಾದ ರೈತರ ಮಾತಿಗೆ ಎಲ್ಲಿಯೂ ಸ್ಥಾನವಿರಲಿಲ್ಲ.

ನ್ಯಾಯದಾನದ ವಿಷಯದಲ್ಲಿ ವರದಿಯು ತನ್ನ ಉತ್ತಮ ಪುಟಗಳನ್ನು ಬರೆದಿದೆ. ನೂರು ಕೋಟಿ ಡಾಲರಿಗೂ ಮಿಕ್ಕು ಹಣ ನ್ಯಾಯವ್ಯವಸ್ಥೆಗೆ ಹೋಯಿತು. ಅದರಲ್ಲಿ ಶೇಕಡಾ 90ರಷ್ಟು ಪಾಶ್ಚಾತ್ಯ ಮಾದರಿಯ ನ್ಯಾಯಾಲಯಗಳಿಗೆ. ಆದರೆ ಅಲ್ಲಿನ ವ್ಯಾಜ್ಯಗಳಲ್ಲಿ ಶೇಕಡಾ 80ರಿಂದ 90ರಷ್ಟು ಪರಂಪರೆಯಿಂದ ಹಿರಿಯರ ಸಭೆಗಳಲ್ಲೇ ತೀರುತ್ತಿದ್ದುವು. ಹೊಲದ ಬದುವಿನ ಜಗಳಕ್ಕೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕಾದು, ಲಂಚವನ್ನೂ ತೆತ್ತವನು ಕಡೆಗೆ ತಾಲಿಬಾನರ ಸಂಚಾರಿ ನ್ಯಾಯಾಧೀಶನ ಬಳಿಗೆ ಹೋದ. ಅಲ್ಲಿ ತೀರ್ಪು ಕ್ರೂರವಾಗಿದ್ದಿರಬಹುದು, ಸ್ತ್ರೀಯರ ಪಾಲಿಗಂತೂ ಅನ್ಯಾಯವೇ ಆಗಿತ್ತು. ಆದರೆ ಬೇಗ ಸಿಗುತ್ತಿತ್ತು. ಹಿರಿಯರ ಸಭೆಗಳೂ ಸ್ತ್ರೀಯರಿಗೆ ನ್ಯಾಯ ಕೊಟ್ಟುವೆಂದು ಹೇಳಲಾಗದು. ಹೊರಗಿನವರು ಏನನ್ನೂ ಮಾಡಬಾರದಿತ್ತೆಂಬ ಸುಲಭದ ವಾದಕ್ಕೂ ಇಲ್ಲಿ ಆಧಾರವಿಲ್ಲ. 2001ರ ನಂತರ ಲಕ್ಷಾಂತರ ಬಾಲಕಿಯರು ಶಾಲೆಗೆ ಹೋದುದು, ಶಿಶುಮರಣ ಇಳಿದುದು ಇದೇ ಅವಧಿಯಲ್ಲಿ. 2021ರಲ್ಲಿ ತಾಲಿಬಾನರು ಬಾಲಕಿಯರ ಪ್ರೌಢಶಾಲೆಗಳ ಬಾಗಿಲು ಮುಚ್ಚಿದಾಗ ಕಳೆದುಹೋದುದೇನೆಂಬುದು ಆ ಮನೆಗಳಿಗೆ ಗೊತ್ತು.

ವರದಿಯ ಉಪಸಂಹಾರವು ಒಂದು ಎಚ್ಚರಿಕೆಯನ್ನು ಕೊಡುತ್ತದೆ. ವಿಯೆಟ್ನಾಮಿನ ನಂತರ ಇಂಥ ಕಾರ್ಯಕ್ಕೆ ಮತ್ತೆ ಕೈಹಾಕುವುದಿಲ್ಲವೆಂದು ಅಮೆರಿಕ ಸಿದ್ಧತೆಯನ್ನೇ ಕೈಬಿಟ್ಟಿತು. ಆದರೂ ಇರಾಕಿಗೂ ಅಫ್ಘಾನಿಸ್ತಾನಕ್ಕೂ ಹೋಯಿತು. ಆದ್ದರಿಂದ ಮುಂದಿನ ಸಲಕ್ಕೆ ನಾಗರಿಕ ಅಧಿಕಾರಿಗಳನ್ನು ಈಗಲೇ ಸಿದ್ಧಗೊಳಿಸಬೇಕೆಂಬುದು ಅದರ ಸಲಹೆ. ವಾದವು ತರ್ಕಬದ್ಧವೇ. ಆದರೆ ಹಾಗೆ ಸಿದ್ಧರಾಗುವ ಅಧಿಕಾರಿಗಳು ತಾವು ಆಳಲಿರುವ ಜನರಿಗೆ ಯಾವ ಬಗೆಯಲ್ಲಿ ಉತ್ತರದಾಯಿಗಳು, ಅವರನ್ನು ತೆಗೆದುಹಾಕುವ ಅಧಿಕಾರ ಆ ಜನರಲ್ಲಿ ಯಾರಿಗಿರುತ್ತದೆ ಎಂಬ ಪ್ರಶ್ನೆಯನ್ನು ಏಳು ಪಾಠಗಳಲ್ಲಿ ಯಾವುದೂ ತನ್ನ ವಿಷಯವನ್ನಾಗಿ ಮಾಡಿಕೊಂಡಿಲ್ಲ.