ಎಡೆದೊರೆಯಲ್ಲೊಂದು ಬೈಸಿಕಲ್ ಪಥ

ಒಂದು ಮಗ್ಗುಲಿಗೆ ಸರೋವರ, ಇನ್ನೊಂದು ಮಗ್ಗುಲಿಗೆ ಕಣಿವೆ, ಎದುರಿಗೆ ಗಿರಿಪಂಕ್ತಿ, ನಡುವೆ ಮೋಟಾರಿನ ಗದ್ದಲವಿಲ್ಲದ ನುಣುಪಾದ ಹಾದಿ: ಇಂಥದೊಂದು ಮಾರ್ಗವನ್ನು ಅರಸಿಕೊಂಡು ಬೈಸಿಕಲ್ಲೇರಿ ಹೊರಡುವ ಹವ್ಯಾಸವು ನಮ್ಮ ನಗರವಾಸಿಗಳಲ್ಲಿ ಈಚೆಗೆ ಪ್ರಬಲವಾಗಿದೆ. ರಜಾದಿನಗಳಲ್ಲಿ ಬೆಂಗಳೂರಿನ ಸವಾರರು ಸೂರ್ಯೋದಯಕ್ಕೆ ಮುನ್ನವೇ ನಂದಿಬೆಟ್ಟದ ತಿರುವುಗಳನ್ನು ತುಂಬಿಬಿಡುತ್ತಾರೆ. ಅವರಲ್ಲಿ ಕೆಲವರು ಬೈಸಿಕಲ್ಲನ್ನು ಕಾರಿನ ಬೆನ್ನಿಗೆ ಬಿಗಿದು ಬೆಟ್ಟದ ಬುಡದವರೆಗೆ ತರುತ್ತಾರೆಂಬುದು ವಾಹನರಹಿತ ಪಥದ ಅನ್ವೇಷಣೆಯಲ್ಲಿ ಒದಗಿಬರುವ ಸ್ವಾರಸ್ಯಗಳಲ್ಲೊಂದು. ಈ ಸೌಂದರ್ಯಾದರ್ಶವನ್ನೇ ಹೊತ್ತು ಸಿಂಧನೂರಿನಲ್ಲಿ ಬಂದಿಳಿದವನಿಗೆ ಮೊದಲ ನೋಟಕ್ಕೆ ನಿರಾಶೆಯಾಗುವುದು ನಿಶ್ಚಯ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನಲ್ಲಿ ಕಣಿವೆಯೆಂದು ಕರೆಯತಕ್ಕ ಕಣಿವೆಯಿಲ್ಲ, ಹಳ್ಳಗಳಿವೆ. ಶಿಖರಪಂಕ್ತಿಯಿಲ್ಲ, ಎರೆಹೊಲಗಳ ನಡುವೆ ಒಂಟಿಯಾಗಿ ಎದ್ದು ನಿಂತ ಕಲ್ಲುಗುಡ್ಡಗಳಿವೆ. ಆದರೂ ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಲಿಂಗಸುಗೂರನ್ನು ದಾಟಿ ಜಲದುರ್ಗದವರೆಗೆ ಒಳದಾರಿಗಳಲ್ಲಿ ಸಾಗುವ ಪಥವನ್ನು ಒಂದು ಕೃತಿಯೆಂಬಂತೆ ಪರೀಕ್ಷಿಸಿದರೆ, ಅದರ ರಚನೆಯಲ್ಲಿ ನಂದಿಯ ಏರಿಗೆ ಇಲ್ಲದ ಗುಣವೊಂದು ಕಾಣಬರುತ್ತದೆ: ಇಲ್ಲಿನ ದಾರಿಯು ನೆಲದ ಇಳಿಜಾರನ್ನೂ ನೀರಿನ ನ್ಯಾಯಾನ್ಯಾಯವನ್ನೂ ಸವಾರನ ಕಾಲಿಗೆ ತಿಳಿಸಿಕೊಡುತ್ತದೆ.

ಪಥದ ಪೂರ್ವಾರ್ಧಕ್ಕೆ ಆಧಾರ ತುಂಗಭದ್ರಾ ಎಡದಂಡೆ ಕಾಲುವೆ. 1953ರಲ್ಲಿ ನೀರು ತುಂಬಿಕೊಂಡ ಜಲಾಶಯದಿಂದ ಹೊರಟು 226 ಕಿಲೋಮೀಟರ್ ಹರಿಯುವ ಈ ಕಾಲುವೆಯ ಏರಿಯ ಮೇಲೆ, ಮೇಲ್ವಿಚಾರಣೆಯ ಜೀಪು ಓಡಾಡಲೆಂದು ಬಿಟ್ಟ ಮೊರಂ ಹಾದಿಯೇ ಇಂದು ಈ ಸೀಮೆಯಲ್ಲಿ ಬೈಸಿಕಲ್ಲಿಗೆ ದೊರೆಯುವ ಅತ್ಯಂತ ನಿಶ್ಶಬ್ದವಾದ ಮಾರ್ಗ. ಅದರ ಲಕ್ಷಣವನ್ನು ಕುಳಿತು ಯೋಚಿಸಿ ತಿಳಿಯುವುದಕ್ಕಿಂತ ತುಳಿದು ತಿಳಿಯುವುದು ಸುಲಭ. ಊರಿಂದೂರಿಗೆ ನೇರವಾಗಿ ಹಾಕಿದ ರಸ್ತೆಯು ಅಡ್ಡಬಂದ ಪ್ರತಿಯೊಂದು ಹಳ್ಳಕ್ಕೂ ಇಳಿದು ಮತ್ತೆ ಏರಬೇಕಾಗುತ್ತದೆ. ಕಾಲುವೆಗೆ ಆ ಸ್ವಾತಂತ್ರ್ಯವಿಲ್ಲ. ತುಂಬಿದ ಕೊಡ ಹೊತ್ತವಳು ತುಳುಕದಂತೆ ನಡೆಯುವ ಹಾಗೆ ಅದು ತನ್ನ ಎತ್ತರವನ್ನು ಕಾಪಾಡಿಕೊಂಡು, ದಿಣ್ಣೆ ಬಂದಲ್ಲಿ ಬಳಸಿ, ತಗ್ಗು ಬಂದಲ್ಲಿ ಮೇಲ್ಗಾಲುವೆ ಕಟ್ಟಿಸಿಕೊಂಡು, ನೀರು ಹರಿಯುವುದಕ್ಕೆ ಬೇಕಾದಷ್ಟು ಮಾತ್ರ ಇಳಿಯುತ್ತ ಹೋಗುತ್ತದೆ. ಆದುದರಿಂದ ನೀರಿನೊಡನೆ ಸಾಗುವ ಸವಾರನಿಗೆ ಏರು ಎಂಬುದು ಇಲ್ಲವೇ ಇಲ್ಲವೆನ್ನಬಹುದು. ದಾರಿ ಉದ್ದವಾಯಿತೆಂಬ ಒಂದೇ ದೂರು ಉಳಿಯುತ್ತದೆ, ಆ ದೂರೂ ಗಡಿಯಾರ ನೋಡಿಕೊಂಡು ಹೊರಟವನದು.

ಆದರೆ ಈ ಸಮತೆಯು ಕಾಲಿಗೆ ಮಾತ್ರ, ಕಣ್ಣಿಗೆ ಅಲ್ಲ. ನೀರು ಹರಿಯುವ ದಿಕ್ಕಿಗೆ ಮುಖಮಾಡಿ ಹೊರಟರೆ ಬಲಗಡೆ, ನದಿಯತ್ತ ಇಳಿಯುವ ನೆಲವೆಲ್ಲ ಸೋನಾ ಮಸೂರಿಯ ಗದ್ದೆ. ಎಡಗಡೆ, ಕಾಲುವೆಗಿಂತ ಗೇಣು ಮೇಲಿದ್ದ ಪಾಪಕ್ಕೆ ನೀರು ಕಾಣದ ಜೋಳ, ತೊಗರಿ, ಹತ್ತಿಗಳ ಒಣಹೊಲ. ಇಷ್ಟು ಸ್ಪಷ್ಟವಾಗಿ ಎರಡು ಬಗೆಯ ಬಾಳನ್ನು ಒಂದೇ ಗೆರೆಯ ಅತ್ತಿತ್ತ ಇರಿಸಿ ತೋರಿಸುವ ದಾರಿ ಬೇರೊಂದನ್ನು ನಾನು ಕಂಡಿಲ್ಲ. ಬಲಗಡೆಗೆ ಆಂಧ್ರದಿಂದ ಬಂದ ಒಕ್ಕಲಿಗರ ಕ್ಯಾಂಪುಗಳು ಎದ್ದವು. ಸಿಂಧನೂರಿನ ಬಳಿಯಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಪುನರ್ವಸತಿ ಕ್ಯಾಂಪುಗಳಾದವು. ಒಂದು ಬೆಳಗಿನ ಸವಾರಿಯಲ್ಲಿ ಕನ್ನಡ, ತೆಲುಗು, ಬಂಗಾಳಿ ಮೂರೂ ಕಿವಿಗೆ ಬೀಳಬಹುದು. ಮೇಲಿನ ನೆಲದವರ ಪಾಡು ಬೇರೆ. ಮಸ್ಕಿಯ ಸುತ್ತಲಿನ ಒಣಭೂಮಿಯ ರೈತರು ಕೃಷ್ಣೆಯ ಮೇಲಣ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆಯಿಂದ 5ಎ ಎಂಬ ಕಾಲುವೆ ಬೇಕೆಂದು 2020ರಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತ ವೃತ್ತಾಂತವನ್ನು ಓದುವುದು ಒಂದು. ಎಡಗಡೆಯ ಬಿರುಕುಬಿಟ್ಟ ನೆಲವನ್ನು ನೋಡುತ್ತ, ಬಲಗಡೆಯ ತೇವದ ಗಾಳಿಯನ್ನು ಕೆನ್ನೆಯ ಮೇಲೆ ತಾಳುತ್ತ ಹತ್ತು ಕಿಲೋಮೀಟರ್ ಹೋಗುವುದು ಇನ್ನೊಂದು.

ದೋಷಗಳನ್ನೂ ಹೇಳಬೇಕು. ಮೊದಲನೆಯದು ನೆರಳಿಲ್ಲದಿರುವುದು. ಫ್ರಾನ್ಸಿನಲ್ಲಿ 1681ರಲ್ಲಿ ಮುಗಿದ ಮಿದಿ ಕಾಲುವೆಯ ದಂಡೆಯೂ ಬೈಸಿಕಲ್ಲಿಗಾಗಿ ಹುಟ್ಟಿದ್ದಲ್ಲ, ದೋಣಿಯನ್ನೆಳೆಯುವ ಕುದುರೆಗಾಗಿ ಹುಟ್ಟಿದ್ದು. ಆದರೆ ಅಲ್ಲಿ ಕಾಲಕ್ರಮದಲ್ಲಿ ಮರಗಳ ಸಾಲು ಬೆಳೆಯಿತು, ಇಂದಿನ ಸವಾರನು ಆ ಪುಣ್ಯದ ಫಲವನ್ನು ಉಣ್ಣುತ್ತಿದ್ದಾನೆ. (ಆ ಮರಗಳಿಗೂ ಈಗ ಶಿಲೀಂಧ್ರರೋಗ ತಗಲಿ ಸಾವಿರಾರನ್ನು ಕಡಿಯಬೇಕಾಗಿ ಬಂದಿದೆ.) ನಮ್ಮ ಏರಿ ಜೀಪಿಗಾಗಿ ಹುಟ್ಟಿದ್ದು, ಜೀಪಿಗೆ ಮೇಲ್ಛಾವಣಿಯಿತ್ತು. ಇಲ್ಲಿ ತಾನಾಗಿ ಬೆಳೆದುಕೊಂಡದ್ದು ಬಳ್ಳಾರಿ ಜಾಲಿಯೊಂದೇ; ಅದು ನೆರಳನ್ನು ಕೊಡುವುದಕ್ಕೆ ಬದಲಾಗಿ ಟಯರಿಗೆ ಮುಳ್ಳನ್ನು ಕೊಡುತ್ತದೆ. ಮಳೆ ಬಂದರಂತೂ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ಸವಾರನು ಬೈಸಿಕಲ್ಲನ್ನು ಹೊತ್ತು ನಡೆಯುವ ಪ್ರಸಂಗ ಬರುವುದು. ಮತ್ತೆ, ಈ ದಾರಿಯು ವಾಹನರಹಿತವಾಗಿರುವುದು ಋತುವನ್ನು ಅವಲಂಬಿಸಿದ್ದು. ಕೊಯ್ಲಿನ ತಿಂಗಳುಗಳಲ್ಲಿ ಕಟಾವಿನ ಯಂತ್ರಗಳೂ ಟ್ರ್ಯಾಕ್ಟರುಗಳೂ ಏರಿಯನ್ನು ಆಕ್ರಮಿಸುತ್ತವೆ, ಒಳರಸ್ತೆಗಳ ಅರ್ಧ ಅಗಲದ ಮೇಲೆ ಭತ್ತ ಒಣಗುತ್ತಿರುತ್ತದೆ. ಅದನ್ನು ಅಡ್ಡಿಯೆಂದು ಬಗೆಯತಕ್ಕವನು ಈ ಕಡೆಗೆ ಬರದಿರುವುದೇ ಲೇಸು. ನೀರು ಸಾಲದ ವರ್ಷಗಳಲ್ಲಿ, ಪತ್ರಿಕೆಗಳಲ್ಲಿ ಇಂದಿಗೂ 47ನೇ ಮೈಲು, 69ನೇ ಮೈಲು ಎಂದೇ ಲೆಕ್ಕ ಹಾಕುವ ಈ ಕಾಲುವೆಯ ಮೇಲೆ ಕಾವಲು ಬೀಳುವುದುಂಟು; ಕಾಲುವೆಯ ಕೊನೆಯ ತುದಿಯ ರೈತನು ನೀರಿಗಾಗಿ ನಿದ್ದೆಗೆಟ್ಟಿರುವಾಗ ಅವನೆದುರಿಗೆ ವಿಹಾರಕ್ಕೆ ಹೊರಡುವುದು ಸಭ್ಯತೆಯಲ್ಲ.

ಏರಿಯನ್ನು ಬಿಟ್ಟರೆ ಉಳಿಯುವುದು ಹೆದ್ದಾರಿ. ಜೇವರ್ಗಿಯಿಂದ ಬರುವ 150ಎ ರಾಷ್ಟ್ರೀಯ ಹೆದ್ದಾರಿಯು ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಲಾರಿಗಳಿಗೆ ಅದು ಉತ್ತಮ ರಸ್ತೆ. ಬೈಸಿಕಲ್ಲಿನವನು ಅನಿವಾರ್ಯವಾದಲ್ಲಿ ಮಾತ್ರ, ಹೊತ್ತು ಮೂಡುವ ಮೊದಲೇ, ಅದನ್ನು ದಾಟಿಕೊಳ್ಳತಕ್ಕದ್ದು.

ಬಯಲಿನ ಏಕತಾನತೆ ಸಾಕೆನಿಸುವ ಹೊತ್ತಿಗೆ ಮಸ್ಕಿಯ ಗುಡ್ಡ ಕಾಣಿಸುವುದು ಈ ಪಥದ ರಚನಾಕೌಶಲ. ರಚಿಸಿದವರಾರೂ ಇಲ್ಲದಿದ್ದರೂ ಕೌಶಲವೆಂದೇ ಹೇಳಬೇಕಾಗಿದೆ. ಮಲ್ಲಯ್ಯನ ಗುಡಿಯನ್ನು ತಲೆಯ ಮೇಲೆ ಹೊತ್ತ ಆ ಬಂಡೆಗಳ ರಾಶಿಯು ದೂರದಿಂದಲೇ ಗುರಿಯಾಗಿ ನಿಂತು, ಹಾದಿ ತಿರುಗಿದಂತೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿದು, ಸವಾರನ ಉತ್ಸಾಹವನ್ನು ಆಡಿಸುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಚಿನ್ನದ ಜಾಡು ಹಿಡಿದು ಈ ಸೀಮೆಯಲ್ಲಿ ತಿರುಗುತ್ತಿದ್ದಾಗ ಇಲ್ಲಿನ ಬಂಡೆಯ ಮೇಲಣ ಬ್ರಾಹ್ಮೀ ಬರಹವನ್ನು ಕಂಡನು. ಅದುವರೆಗೆ ದೇವರಿಗೆ ಪ್ರಿಯನಾದವನೆಂಬಂಥ ಬಿರುದುಗಳಿಂದ ಮಾತ್ರ ಶಾಸನಗಳಲ್ಲಿ ಕಾಣುತ್ತಿದ್ದ ಅರಸನು ಅಶೋಕನೇ ಎಂಬುದು ಆ ಬರಹದಿಂದ ನಿಸ್ಸಂದಿಗ್ಧವಾಯಿತು. ಹೆಸರುಳ್ಳ ಶಾಸನಗಳು ಆಮೇಲೆ ಗುಜರ್ರಾದಲ್ಲಿಯೂ ತುಂಗಭದ್ರೆಯ ಆಚೆಯ ನಿಟ್ಟೂರು, ಉಡೆಗೋಳಗಳಲ್ಲಿಯೂ ದೊರೆತವು. ಇಂಥ ಬರಹವನ್ನು ಕೊರೆಸಿದವರು ನಿರ್ಜನಸ್ಥಳವನ್ನು ಆರಿಸಿರಲಾರರು; ಜನ ಓಡಾಡುವ ದಾರಿಯ ಮಗ್ಗುಲಿಗೇ ಅದು ಇದ್ದಿರಬೇಕು. ಕಾರಿನಲ್ಲಿ ಬಂದವರು ಶಾಸನವನ್ನು ನೋಡಿ ಹೋಗುತ್ತಾರೆ. ಬೈಸಿಕಲ್ಲಿನಲ್ಲಿ ಬಂದವನಿಗಾದರೋ ಅದನ್ನು ಅಲ್ಲಿಯೇ ಏಕೆ ಕೊರೆಸಿದರೆಂಬುದು, ಸುತ್ತಲಿನ ಬಯಲನ್ನು ತುಳಿದು ದಣಿದ ಕಾಲುಗಳಿಂದಲೇ ಅರ್ಥವಾಗುತ್ತದೆ.

ಮಸ್ಕಿಯಿಂದ ಲಿಂಗಸುಗೂರಿಗೆ ನೆಲವು ಒರಟಾಗುತ್ತದೆ. ಎರೆ ಕಳೆದು ಕೆಂಪು ಮಸಾರಿ, ಕಲ್ಲು, ಕುರಿಹಿಂಡುಗಳು. ಲಿಂಗಸುಗೂರು 1905ರ ತನಕ ನಿಜಾಮರ ರಾಜ್ಯದಲ್ಲಿ ಜಿಲ್ಲೆಯೊಂದರ ಮುಖ್ಯಸ್ಥಳವಾಗಿತ್ತು. ಹಟ್ಟಿಯ ರಸ್ತೆಯನ್ನು ಚಿನ್ನದ ಗಣಿಯ ಬಸ್ಸುಗಳಿಗೆ ಬಿಟ್ಟುಕೊಟ್ಟು ಮುದಗಲ್ಲಿನ ಕಡೆಗೆ ಒಳದಾರಿ ಹಿಡಿದರೆ ಪಿಕಳಿಹಾಳದ ಬಂಡೆಗಳು ಬರುತ್ತವೆ. 1952ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಉತ್ಖನನ ನಡೆಸಿದ ಈ ನೆಲದ ಶಿಲಾಚಿತ್ರಗಳಲ್ಲಿ ಗೂಳಿಗಳದೇ ಮೇಲುಗೈ. ಉತ್ತರಕ್ಕೆ ಜಲದುರ್ಗದ ಹಾದಿ. ಇಡೀ ಪಥದಲ್ಲಿ ನಾನು ಅಗ್ರಸ್ಥಾನವನ್ನು ಕೊಡುವುದು ಈ ಕೊನೆಯ ಭಾಗಕ್ಕೆ. ಮೂರು ಮೈಲಿಗಳಷ್ಟರಲ್ಲಿ ಸುಮಾರು 400 ಅಡಿ ಧುಮುಕಿಳಿಯುವ ಕೃಷ್ಣೆಯು ಎರಡು ಕವಲಾಗಿ ಕೋಟೆಯ ಗುಡ್ಡವನ್ನು ಬಳಸುವ ಈ ಸ್ಥಳದಲ್ಲಿ, ಬಯಲಿನುದ್ದಕ್ಕೂ ಲೆಕ್ಕವಿಟ್ಟು ಹರಿದ ನೀರಿಗೆ ಪ್ರತಿಯಾಗಿ ಯಾರ ಲೆಕ್ಕಕ್ಕೂ ಸಿಗದಂತೆ ಕಾಣುವ ನೀರು ಎದುರಾಗುತ್ತದೆ. ಹಾಗೆಂದು ಮಳೆಗಾಲದಲ್ಲಿ ಹೋಗಬಾರದು: ನಾರಾಯಣಪುರ ಜಲಾಶಯದ ಗೇಟುಗಳನ್ನು ತೆರೆದಾಗ ಶೀಲಹಳ್ಳಿಯ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳಿಗೆ ಸಂಪರ್ಕವೇ ತಪ್ಪಿಹೋಗುತ್ತದೆ.

ಇಂಥ ಪಥವನ್ನು ಅಭಿವೃದ್ಧಿಪಡಿಸಬೇಕೆಂಬ ಮಾತು ಕೇಳಿಬಂದಾಗ ಹವ್ಯಾಸಿ ಸವಾರರು ಮೊದಲು ಕೇಳುವುದು ಡಾಂಬರನ್ನು. ಇದರಲ್ಲಿ ವಿವೇಕ ಕಡಮೆ. ಏರಿಯು ವಾಹನರಹಿತವಾಗಿರುವುದು ಅದರ ಮೈ ಒರಟಾಗಿರುವುದರಿಂದಲೇ. ಅದನ್ನು ನುಣುಪು ಮಾಡಿದ ಮರುವರ್ಷವೇ ಟಿಪ್ಪರುಗಳು ಹೆದ್ದಾರಿಯ ಸುತ್ತನ್ನು ತಪ್ಪಿಸಿಕೊಳ್ಳಲು ಅಲ್ಲಿಗೆ ಬಂದುಬಿಡುತ್ತವೆ. ಗುಂಡಿ ಮುಚ್ಚಿ, ಎಡಗಡೆಯ ಅಂಚಿಗೆ ಬೇವು ಹೊಂಗೆ ಹಾಕಿ, ಲಾರಿ ನುಸುಳದಂತೆ ಬಾಯಿಗೆ ಎರಡು ಕಲ್ಲು ನೆಟ್ಟರೆ ಸಾಕು. ನನ್ನ ಈ ಅಭಿಪ್ರಾಯಕ್ಕೆ ಬಲವಾದ ಪ್ರತಿವಾದವಿರುವುದು ಹವ್ಯಾಸಿಗಳಲ್ಲಿ ಅಲ್ಲ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಹಂಚತೊಡಗಿದ ಮೇಲೆ, ಕ್ಯಾಂಪುಗಳಿಂದ ಹೈಸ್ಕೂಲಿಗೆ ಹೋಗುವ ಹುಡುಗಿಯರು ಈ ಏರಿಗಳನ್ನು ವಿಹಾರಕ್ಕಾಗಿ ಅಲ್ಲ, ಗಂಟೆ ಬಾರಿಸುವುದರೊಳಗೆ ಮುಟ್ಟಬೇಕೆಂಬ ತುರ್ತಿನಿಂದ ತುಳಿದವರು. ಜುಲೈ ತಿಂಗಳ ಎರೆಕೆಸರಿನಲ್ಲಿ ಬೈಸಿಕಲ್ಲನ್ನು ನೂಕಿದವಳೊಬ್ಬಳು ಡಾಂಬರೇ ಬೇಕೆಂದರೆ, ನೆರಳನ್ನೂ ನಿಶ್ಶಬ್ದವನ್ನೂ ಮುಂದಿಟ್ಟುಕೊಂಡು ಅವಳೊಡನೆ ವಾದಿಸುವ ಧೈರ್ಯ ನನಗಿಲ್ಲ. ಟಿಪ್ಪರುಗಳು ಬಂದ ಮೇಲೆ ಅದೇ ದಾರಿಯಲ್ಲಿ ಅವಳ ತಂಗಿ ಹೋಗಬೇಕಾದೀತೆಂಬುದನ್ನು ಮಾತ್ರ ನೆನಪಿಸಬಲ್ಲೆ.