ಬಿಳಿಯ ಚುಕ್ಕೆಯ ಬೆಲೆ

ತಂಬಾಕಿನ ಪೈಪು ಸರಳವಾದ ವಸ್ತು. ತಂಬಾಕು ತುಂಬಲು ಒಂದು ಬಟ್ಟಲು, ಹೊಗೆ ಹಾಯಲು ಒಂದು ಕೊಳವೆ, ಬಾಯಿಗಿಡಲು ಒಂದು ತುದಿ, ಇಷ್ಟೇ ಅದರ ಅಂಗಗಳು. ಅಮೆರಿಕದ ಮಿಸ್ಸೂರಿ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡಿನಿಂದ ಪೈಪು ತಯಾರಿಸುವ ಉದ್ಯಮ 1869ರಷ್ಟು ಹಿಂದಿನದು. ಅಲ್ಲಿಯ ಸಾಧಾರಣ ಪೈಪೊಂದು ಇಂದಿಗೂ 20 ಡಾಲರಿನೊಳಗೆ ದೊರೆಯುತ್ತದೆ. ಲಂಡನ್ನಿನ ಡನ್‌ಹಿಲ್ ಮುದ್ರೆಯ ಪೈಪಿಗೆ ನೂರಾರು ಡಾಲರು, ಕೆಲವೊಮ್ಮೆ ಸಾವಿರಕ್ಕೂ ಮೇಲೆ ಕೊಡಬೇಕು. ಡೆನ್ಮಾರ್ಕ್, ಸ್ವೀಡನ್ ದೇಶಗಳ ಹೆಸರಾಂತ ಕುಶಲಿಗಳು ಒಬ್ಬೊಬ್ಬರೇ ಕುಳಿತು ಕೈಯಲ್ಲಿ ಮಾಡಿದ ಪೈಪುಗಳು ಹಲವು ಸಾವಿರ ಡಾಲರುಗಳಿಗೆ ಕೈಬದಲಾಗಿವೆ. ಮೂರೂ ಮಾಡುವ ಕೆಲಸ ಒಂದೇ. ಹೀಗಿರುವಾಗ ಈ ಅಂತರಕ್ಕೆ ಆಧಾರವೇನು ಎಂಬುದು ವ್ಯಾಪಾರ ಬಲ್ಲ ಯಾರೇ ಆಗಲಿ ಕೇಳಬೇಕಾದ ಪ್ರಶ್ನೆ.

ತಂಬಾಕೇ ತ್ಯಾಜ್ಯವಾದ ಮೇಲೆ ಪೈಪಿನ ಬೆಲೆಯ ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ಆಕ್ಷೇಪ ಸರಿಯೇ. ಹೊಗೆಯನ್ನು ಎದೆಗೆ ಎಳೆದುಕೊಳ್ಳದ ಪೈಪುಗಾರನಿಗೂ ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿನ ಅಪಾಯ ತಪ್ಪಿದ್ದಲ್ಲ. ಬಟ್ಟಲು ಎಷ್ಟು ದುಬಾರಿಯದಾದರೂ ಆ ಅಪಾಯ ಒಂದು ಕಾಸಿನಷ್ಟೂ ಇಳಿಯುವುದಿಲ್ಲ. ಆದರೆ ಬೆಲೆ ಮತ್ತು ಮೌಲ್ಯ ಎಲ್ಲಿ ಒಂದನ್ನೊಂದು ಬಿಟ್ಟು ಬೇರೆ ದಾರಿ ಹಿಡಿಯುತ್ತವೆ ಎಂಬುದನ್ನು ನೋಡಲು ಇಷ್ಟು ಸ್ಪಷ್ಟವಾದ ಉದಾಹರಣೆ ಸುಲಭವಾಗಿ ಸಿಕ್ಕದು.

ಮೊದಲು ಅಸಲಿನ ಲೆಕ್ಕ. ಉತ್ತಮ ಪೈಪುಗಳನ್ನು ಬ್ರಯರ್ ಎಂಬ ಮರದಿಂದ ಮಾಡುತ್ತಾರೆ. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣ ಗುಡ್ಡಗಳಲ್ಲಿ, ಕಾರ್ಸಿಕಾ, ಕಲಾಬ್ರಿಯಾ, ಅಲ್ಜೀರಿಯಾ, ಗ್ರೀಸ್ ಮೊದಲಾದೆಡೆ ಬೆಳೆಯುವ ಎರಿಕಾ ಅರ್ಬೋರಿಯಾ ಎಂಬ ಪೊದೆ. ಬೇಕಾದುದು ಅದರ ಕಾಂಡವೂ ಅಲ್ಲ, ಕೊಂಬೆಯೂ ಅಲ್ಲ. ಕಾಂಡ ಮತ್ತು ಬೇರು ಕೂಡುವಲ್ಲಿ ನೆಲದೊಳಗೆ ಉಬ್ಬಿಕೊಂಡ ಗಂಟು. ಬೆಂಕಿ ಬಿದ್ದು ಮೇಲಿನ ಗಿಡ ಸುಟ್ಟುಹೋದರೆ ಮತ್ತೆ ಚಿಗುರುವುದಕ್ಕಾಗಿ ಗಿಡ ತನ್ನ ಬಲವನ್ನು ಕೂಡಿಟ್ಟುಕೊಂಡಿರುವುದು ಈ ಗಂಟಿನಲ್ಲಿಯೇ. ಅದು ಪೈಪಿಗೆ ಒದಗುವಷ್ಟು ದೊಡ್ಡದಾಗಲು ಹಲವು ದಶಕಗಳು ಬೇಕು. ಕಂದಮೂಲಗಳ ವಿಷಯದಲ್ಲಿ ಎಚ್ಚರವುಳ್ಳ ಮನೆಗಳವರು ಇಷ್ಟನ್ನು ಗಮನಿಸದೆ ಇರಲಾರರು: ಬೆಂಕಿಯಿಂದ ಬದುಕಿ ಬರುವ ಗಿಡ, ಗಂಟು ಅಗೆದು ತೆಗೆದ ಮೇಲೆ ಬದುಕುವುದಿಲ್ಲ.

ಅಗೆದ ಗಂಟನ್ನು ಒಣಗಲು ಬಿಡದೆ ತೇವದಲ್ಲಿಟ್ಟು, ತುಂಡುಗಳಾಗಿ ಕೊಯ್ದು, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಳಗಿನ ರಸವನ್ನು ತೆಗೆಯುತ್ತಾರೆ. ಬಳಿಕ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ನೆರಳಿನಲ್ಲಿ ಒಣಗಿಸುತ್ತಾರೆ. ಅವಸರ ಮಾಡಿದರೆ ಮರ ಸೀಳುತ್ತದೆ. ಫ್ರಾನ್ಸಿನ ಜುರಾ ಬೆಟ್ಟಗಳ ಸೇಂಟ್ ಕ್ಲೋಡ್ ಪಟ್ಟಣದ ಮರಗೆಲಸದವರು 1850ರ ದಶಕದಲ್ಲಿ ಈ ಮರವನ್ನು ಹಿಡಿದ ಮೇಲೆ, ಬೇಗನೆ ಒಡೆಯುವ ಮಣ್ಣಿನ ಪೈಪು ಹಿಂದೆ ಸರಿಯಿತು. ಬ್ರಯರ್ ಗಟ್ಟಿ, ಹಗುರ. ಒಳಗಿನ ಬೆಂಕಿಗೆ ಬೇಗ ಸುಟ್ಟು ಕರಕಾಗದು. ಇಷ್ಟಾದರೂ ಒಳ್ಳೆಯ ತುಂಡೊಂದರ ಬೆಲೆ ಕೆಲವು ಹತ್ತು ಡಾಲರುಗಳ ಆಸುಪಾಸಿನದು. ಆದುದರಿಂದ ಸಾವಿರ ಡಾಲರಿನ ಪೈಪಿನ ಹಿರಿಮೆಯನ್ನು ಮರದ ತಲೆಗೆ ಕಟ್ಟುವಂತಿಲ್ಲ.

ಎರಡನೆಯದು ಕೂಲಿ ಮತ್ತು ನಷ್ಟ. ಇಲ್ಲಿ ಕುಶಲಿಯ ಪಕ್ಷದಲ್ಲಿ ನಿಜವಾದ ವಾದವಿದೆ. ಗಂಟು ಮಣ್ಣಿನಲ್ಲಿ ಬೆಳೆಯುವಾಗ ಮರಳ ಕಣಗಳನ್ನೂ ಸಣ್ಣ ಕಲ್ಲುಗಳನ್ನೂ ಒಳಗೆ ನುಂಗಿಕೊಂಡಿರುತ್ತದೆ. ಹೊರಗೆ ನಿರ್ದೋಷವಾಗಿ ಕಾಣುವ ತುಂಡು, ಮುಕ್ಕಾಲು ಕೆಲಸ ಮುಗಿದ ಮೇಲೆ, ಒಳಗಿನ ಒಂದು ಗುಳಿಯನ್ನು ತೋರಿಸಿ ಹಲವು ಗಂಟೆಗಳ ಶ್ರಮವನ್ನು ಹಾಳುಮಾಡುವುದುಂಟು. ಕೆಟ್ಟುಹೋದ ತುಂಡಿನ ಖರ್ಚು ಉಳಿದ ತುಂಡಿನ ಮೇಲೆ ಬೀಳುವುದು ನ್ಯಾಯವೇ. ಯಾವ ಲೆಕ್ಕಪತ್ರವೂ ಇದನ್ನು ಅಲ್ಲಗಳೆಯದು. ಹೊಗೆಯ ರಂಧ್ರ ಬಟ್ಟಲಿನ ತಳಕ್ಕೆ ಸರಿಯಾಗಿ, ನಡುವಿನಲ್ಲಿ ಬಂದು ಸೇರುವಂತೆ ಕೊರೆಯುವುದು, ಬಾಯಿತುದಿಯನ್ನು ಎಬೊನೈಟ್ ಕಡ್ಡಿಯಿಂದ ಕೈಯಲ್ಲಿ ಕಡೆದು ಹಲ್ಲಿಗೆ ಹಿತವಾಗುವಷ್ಟು ತೆಳುವಾಗಿಸುವುದು, ಇವು ಕೆಲಸದ ಗುಣಗಳು, ಬಳಸುವವನಿಗೆ ತಿಳಿಯುವ ಗುಣಗಳು. ಸ್ವೀಡನ್ನಿನಲ್ಲಿ ಹುಟ್ಟಿ ಕೋಪನ್‌ಹೇಗನ್ನಿನಲ್ಲಿ ದುಡಿದ ಸಿಕ್ಸ್‌ಟನ್ ಇವಾರ್ಸನ್ ಅವರು ಮರದ ಎಳೆ ಹೋದತ್ತ ಆಕಾರವನ್ನು ಕೊಂಡೊಯ್ಯುವ ಕ್ರಮವನ್ನು ಬೆಳೆಸಿದರು. ಅವರ ಮಗ ಲಾರ್ಸ್, ಮೊಮ್ಮಗಳು ನಾನ್ನಾ ಅದೇ ಕಸುಬನ್ನು ಮುಂದುವರಿಸಿದರು. ವರ್ಷಕ್ಕೆ ಕೆಲವೇ ಪೈಪುಗಳನ್ನು ಮಾಡುವ ಒಬ್ಬ ಕೈಗೆಲಸಗಾರನು ಅದರಲ್ಲಿಯೇ ಸಂಸಾರ ಸಾಗಿಸಬೇಕಾದರೆ ಕೆಲವು ನೂರು ಡಾಲರುಗಳನ್ನು ಕೇಳುವುದು ಅತಿಯಾಸೆಯಲ್ಲ. ಅಲ್ಲಿಯವರೆಗೆ ಬೆಲೆ ಕೂಲಿಯೇ ಆಗಿದೆ.

ಒಂದು ವಿಚಿತ್ರವೂ ಇದೆ. ದುಬಾರಿ ಪೈಪಿನ ಎಬೊನೈಟ್ ತುದಿ ಬಿಸಿಲು ತಾಗಿದರೆ ಹಸುರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಮತ್ತೆ ಉಜ್ಜಿ ಹೊಳಪು ಕೊಡಬೇಕು; ಅಗ್ಗದ ಪೈಪಿನ ಅಕ್ರಿಲಿಕ್ ತುದಿಗೆ ಆ ಕಾಟವಿಲ್ಲ. ಹೆಚ್ಚು ಹಣ ಕೊಟ್ಟವನಿಗೆ ಹೆಚ್ಚು ಚಾಕರಿ.

ಅಗ್ಗದ ಸರಕಿನಲ್ಲಿ ಬೇರೆ ದೋಷವುಂಟು. ಮರದ ಗುಳಿಗಳಿಗೆ ಪುಟ್ಟಿ ತುಂಬಿ, ಮೇಲೆ ದಟ್ಟವಾದ ಬಣ್ಣ ಬಳಿದು, ಗುಳಿಯೇ ಇಲ್ಲವೆಂಬಂತೆ ಮಾರುವ ವಾಡಿಕೆ ಬಹಳ ಹಳೆಯದು. ಪುಟ್ಟಿ ತುಂಬುವುದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಎಣಿಸಿದ ಹಿರಿಯರಿಗೆ ಈ ಸರಕಿನ ಪರಿಚಯವಿರಲಿಲ್ಲ, ಆದರೆ ಈ ಬುದ್ಧಿಯ ಪರಿಚಯವಿತ್ತು. ನಿರ್ದೋಷವಾದ ಮರಕ್ಕೆ ಹೆಚ್ಚು ಬೆಲೆ ಕೊಡುವವನು ಒಂದು ಮಟ್ಟಿಗೆ ಪ್ರಾಮಾಣಿಕತೆಗೂ ಬೆಲೆ ಕೊಡುತ್ತಿದ್ದಾನೆ, ಇದನ್ನು ಒಪ್ಪಬೇಕು.

ಇದರಾಚೆಗೆ ಲೆಕ್ಕ ಸಡಿಲವಾಗುತ್ತದೆ. ಬಟ್ಟಲಿನ ಸುತ್ತ ಎಳೆಗಳು ಕೆಳಗಿನಿಂದ ಮೇಲಕ್ಕೆ ನೇರವಾಗಿ ಓಡಿದ್ದರೆ ಅಂಥ ಪೈಪಿಗೆ ಹತ್ತು ಪಟ್ಟು ಬೆಲೆ ಕಟ್ಟುವವರಿದ್ದಾರೆ. ನೋಟಕ್ಕೆ ಅದು ಸುಂದರ, ನಿಜಕ್ಕೂ ಅಪರೂಪ. ಆದರೆ ಹೊಗೆಗೂ ಆ ಗೆರೆಗೂ ಸಂಬಂಧವಿಲ್ಲ. ಚಿನ್ನದ ಒಡವೆಯಲ್ಲಿ ಕೂಲಿ, ಸವಕಲು ಕಳೆದರೂ ಲೋಹದ ತೂಕವಾದರೂ ಉಳಿಯುತ್ತದೆ; ಇಲ್ಲಿ ತೂಗಲು ಏನೂ ಇಲ್ಲ. ದುಬಾರಿ ಪೈಪು ತಣ್ಣಗೆ ಉರಿಯುತ್ತದೆ, ನಾಲಗೆಯನ್ನು ಸುಡುವುದಿಲ್ಲ ಎಂಬ ಮಾತು ಮಾರಾಟದವರ ಬಾಯಲ್ಲಿ ಸದಾ ಇರುತ್ತದೆ. ನಾಲಗೆ ಸುಡುವುದು ಬಹುಮಟ್ಟಿಗೆ ತಂಬಾಕಿನ ತೇವದಿಂದ ಮತ್ತು ಸೇದುವವನ ಅವಸರದಿಂದ. ಹೊಗೆಯ ತೇವವನ್ನು ಪ್ರತ್ಯೇಕ ಗುಂಡಿಯಲ್ಲಿ ಹಿಡಿದಿಡುವ ಏರ್ಪಾಡಿಗೆ ಡಬ್ಲಿನ್ನಿನ ಚಾರ್ಲ್ಸ್ ಪೀಟರ್ಸನ್ ಅವರು 1890ರಲ್ಲಿಯೇ ಪೇಟೆಂಟ್ ಪಡೆದರು. ಆ ಬಗೆಯ ಪೈಪು ಇಂದಿಗೂ ಮಧ್ಯಮ ಬೆಲೆಗೇ ಸಿಕ್ಕುತ್ತದೆ. ಉಪಯೋಗದಲ್ಲಿ ನಿಜವಾಗಿ ವ್ಯತ್ಯಾಸ ತಂದ ಸುಧಾರಣೆ ವೈಭೋಗದ ಸಾಲಿನಲ್ಲಿ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ಚಿತ್ರಗಳಲ್ಲಿ ಜನರಲ್ ಮೆಕಾರ್ಥರ್ ಕಚ್ಚಿಕೊಂಡಿರುವುದೂ ಜೋಳದ ದಿಂಡಿನ ಪೈಪೇ.

ಹಾಗಾದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ? ಆಲ್‌ಫ್ರೆಡ್ ಡನ್‌ಹಿಲ್ ಅವರು ಲಂಡನ್ನಿನ ಡ್ಯೂಕ್ ಬೀದಿಯಲ್ಲಿ ತಂಬಾಕಿನ ಅಂಗಡಿ ತೆರೆದದ್ದು 1907ರಲ್ಲಿ. ಅವರು ಸಮರ್ಥ ವರ್ತಕರು, ಪರಿಶ್ರಮಿಗಳೂ ಹೌದು. ಮರಳು ಸಿಡಿಸಿ ಮರದ ಮೆದು ಭಾಗವನ್ನು ಕೆತ್ತುವ ವಿಧಾನ 1917ರಲ್ಲಿ ಅವರಿಂದ ಬಂತು. ಮೇಲ್ಮೈಯಲ್ಲಿ ಸಣ್ಣ ಗುಳಿಗಳಿದ್ದ ಮರವೂ ಅದರಿಂದ ಉಪಯೋಗಕ್ಕೆ ಬಂದಿತು. ಅವರ ಪೈಪಿನ ಕಪ್ಪು ತುದಿಯ ಮೇಲೊಂದು ಬಿಳಿಯ ಚುಕ್ಕೆ ಇರುತ್ತದೆ. ತುದಿಯ ಯಾವ ಮಗ್ಗುಲು ಮೇಲೆ ಬರಬೇಕೆಂದು ಗಿರಾಕಿಗೆ ತಿಳಿಯಲೆಂದು ಇಟ್ಟ ಗುರುತು ಅದು ಎನ್ನುತ್ತಾರೆ. ಕಾಲಕ್ರಮದಲ್ಲಿ ಆ ಗುರುತೇ ಸರಕಾಯಿತು. ಬ್ರಯರ್ ಬೇರೆಡೆಯೂ ಸಿಗುತ್ತದೆ, ಒಳ್ಳೆಯ ಕೆಲಸಗಾರರೂ ಬೇರೆಡೆ ಇದ್ದಾರೆ. ಚುಕ್ಕೆ ಮಾತ್ರ ಇನ್ನೊಬ್ಬರಲ್ಲಿ ಇಲ್ಲ. ವಾಣಿಜ್ಯಶಾಸ್ತ್ರದವರು ಇದನ್ನು ಗುಡ್‌ವಿಲ್ ಎಂದು ಆಸ್ತಿಯ ಪಟ್ಟಿಗೆ ಸೇರಿಸುತ್ತಾರೆ. ಮಾರುವವನಿಗೆ ಆಸ್ತಿಯಾದದ್ದು ಕೊಳ್ಳುವವನಿಗೆ ಖರ್ಚು. ಡೆನ್ಮಾರ್ಕಿನ ಸ್ಟಾನ್‌ವೆಲ್ ಪೈಪುಗಳ ತಯಾರಿಕೆ 2010ರ ಸುಮಾರಿಗೆ ಇಟಲಿಗೆ ಹೋಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಊರು ಬದಲಾದರೂ, ಕೈ ಬದಲಾದರೂ ಮುದ್ರೆಗೆ ದಣಿವಿಲ್ಲ.

ಕೊನೆಯದಾಗಿ, ಇದು ಹೂಡಿಕೆ ಎಂಬ ಸಮರ್ಥನೆಯೊಂದು ಉಳಿದಿದೆ. ಡನ್‌ಹಿಲ್ ಪೈಪಿನ ಮೇಲೆ ಒತ್ತಿದ ಅಂಕಿಯಿಂದ ಅದು ತಯಾರಾದ ವರ್ಷವನ್ನು ಗುರುತಿಸುವ ಸಂಗ್ರಾಹಕರಿದ್ದಾರೆ. ಹಳೆಯದು ಒಳ್ಳೆಯ ಬೆಲೆಗೆ ಹೋಗುವುದೂ ನಿಜ. ಆದರೆ ಆ ಪೇಟೆಯ ನಿಯಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿ ಬಟ್ಟಲು ಕಪ್ಪಾದಷ್ಟೂ, ತುದಿಯಲ್ಲಿ ಹಲ್ಲಿನ ಗುರುತು ಬಿದ್ದಷ್ಟೂ ಬೆಲೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಬೆಲೆ ಬರುವುದು, ಐವತ್ತು ವರ್ಷಗಳಿಂದ ಪೆಟ್ಟಿಗೆಯಲ್ಲಿಯೇ ಇದ್ದು, ಒಂದು ಸಲವೂ ಕಡ್ಡಿ ಗೀರಿಸಿಕೊಳ್ಳದ ಪೈಪಿಗೆ.